ಹಾರಿ ಬಂದ ಬಾತೋ, ತಪ್ಪಿಸಿಕೊಂಡ ಬಾತೋ

ಆ ಚಳಿಗಾಲ ಕೆರೆಯೊಂದರಲ್ಲಿ ನಾನು ಕಂಡದ್ದು ಬೈಕಲ್ ಬಾತು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಫೋಟೋ ನೋಡಿದವರೆಲ್ಲ ಒಪ್ಪಿದರು. ತಕರಾರು ಇದ್ದದ್ದು ಇನ್ನೊಂದು ಪ್ರಶ್ನೆಯ ಮೇಲೆ. ಈ ಬಾತು ತಾನಾಗಿ ಹಾರಿ ಬಂದದ್ದೋ, ಯಾರೋ ಸಾಕಿದ್ದು ತಪ್ಪಿಸಿಕೊಂಡದ್ದೋ? ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾನು ಕಲಿತದ್ದು ಬಹಳ. ಅಪರೂಪದ ಹಕ್ಕಿಯೊಂದು ಮುಂದೆ ಬಂದಾಗ ಏನು ನೋಡಬೇಕು, ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಗೊತ್ತಿದ್ದರೆ ಬೇರೆಯವರಿಗೂ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಬೈಕಲ್ ಬಾತು ಮರಿ ಮಾಡುವುದು ಪೂರ್ವ ಸೈಬೀರಿಯಾದಲ್ಲಿ. ಚಳಿಗಾಲಕ್ಕೆ ಕೊರಿಯಾ, ಜಪಾನ್, ಚೀನಾ ಕಡೆಗೆ ಇಳಿಯುತ್ತದೆ. ದಾರಿ ತಪ್ಪಿದ ಒಂದೊಂದು ಹಕ್ಕಿ ಅಲ್ಲಿಂದ ಸಾವಿರಾರು ಕಿಲೋಮೀಟರ್ ಆಚೆ ಕಾಣಿಸಿಕೊಳ್ಳುವುದುಂಟು. ತೊಂದರೆ ಇರುವುದು ಅದರ ಅಂದದಲ್ಲಿ. ಬೆಳೆದ ಗಂಡಿನ ಮುಖದಲ್ಲಿ ಕೆನೆ ಹಳದಿ, ಹೊಳೆಯುವ ಹಸಿರು, ನಡುವೆ ಕಪ್ಪು ಗೆರೆ. ಹಾಗಾಗಿ ಬಾತು ಸಾಕುವವರಿಗೆ ಇದು ಅಚ್ಚುಮೆಚ್ಚು. ಬೇರೆ ಬೇರೆ ದೇಶಗಳಲ್ಲಿ ಇದನ್ನು ಸಾಕಿ, ಮರಿ ಮಾಡಿಸಿ, ಮಾರುತ್ತಾರೆ. ಅಲ್ಲಿಂದ ಆಗಾಗ ಒಂದೊಂದು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಎಲ್ಲಾದರೂ ಬೈಕಲ್ ಬಾತು ಕಂಡಿತು ಅಂದ ಕೂಡಲೇ ಅನುಭವಿಗಳು ಕೇಳುವ ಮೊದಲ ಮಾತು, "ಕಾಲು ನೋಡಿದಿರಾ?"

ನನ್ನನ್ನೂ ಅದನ್ನೇ ಕೇಳಿದರು. ನಾನು ನೋಡಿರಲಿಲ್ಲ, ನೋಡಲು ಆಗಿರಲಿಲ್ಲ. ಹಕ್ಕಿ ನೀರಿನಲ್ಲಿತ್ತು. ವಲಸೆ ಬಂದ ಬಿಳಿಹುಬ್ಬಿನ ಬಾತುಗಳ ದೊಡ್ಡ ಹಿಂಡಿನ ನಡುವೆ ತೇಲುತ್ತಿತ್ತು. ಕೊಕ್ಕಿನ ಬುಡದಲ್ಲಿ ಕಪ್ಪು ಅಂಚಿರುವ ದುಂಡನೆಯ ತಿಳಿ ಚುಕ್ಕೆ, ಮುಖದಲ್ಲಿ ಇನ್ನೂ ಅರ್ಧಂಬರ್ಧ ಮೂಡುತ್ತಿದ್ದ ಕಪ್ಪು ಗೆರೆ. ಗುರುತಿಗೆ ಅಷ್ಟು ಸಾಕು. ಹಕ್ಕಿ ಎಲ್ಲಿಂದ ಬಂತು ಎಂದು ತಿಳಿಯಲು ಅಷ್ಟು ಏನೇನೂ ಸಾಲದು.

ಕಾಲು ನೋಡುವುದು ಅಂದರೆ ಉಂಗುರ ಹುಡುಕುವುದು. ಉಂಗುರದಲ್ಲಿ ಎರಡು ಬಗೆ. ವಿಜ್ಞಾನಿಗಳು ಹಕ್ಕಿ ಹಿಡಿದು ಹಾಕುವ ಉಂಗುರದಲ್ಲಿ ಸೀಳು ಇರುತ್ತದೆ, ಅದನ್ನು ಇಕ್ಕಳದಿಂದ ಒತ್ತಿ ಮುಚ್ಚುತ್ತಾರೆ. ಅದರ ಮೇಲೆ ಸಂಖ್ಯೆ, ವಿಳಾಸ ಇರುತ್ತದೆ. ಅಂಥದ್ದು ಕಂಡರೆ ಹಬ್ಬ, ಹಕ್ಕಿಯ ಊರೇ ಗೊತ್ತಾಗಿಬಿಡುತ್ತದೆ. ಸಾಕುವವರು ಹಾಕುವ ಉಂಗುರದಲ್ಲಿ ಸೀಳು ಇರುವುದಿಲ್ಲ. ಮರಿಗೆ ಕೆಲವೇ ದಿನ ಆಗಿರುವಾಗ, ಪಾದ ಇನ್ನೂ ಪುಟ್ಟದಾಗಿರುವಾಗ, ಬೆರಳು ಸೇರಿಸಿ ಹಿಡಿದು ತೂರಿಸುತ್ತಾರೆ. ಪಾದ ಬೆಳೆದ ಮೇಲೆ ಅದು ಹೊರಗೆ ಬರುವುದಿಲ್ಲ. ಕಾಲಲ್ಲಿ ಆ ಉಂಗುರ ಇದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು.

ಉಂಗುರ ಇಲ್ಲದಿದ್ದರೆ? ಅದರಿಂದ ಏನೂ ಸಾಬೀತಾಗುವುದಿಲ್ಲ. ಎಷ್ಟೋ ಸಾಕಿದ ಹಕ್ಕಿಗಳಿಗೆ ಉಂಗುರವೇ ಹಾಕಿರುವುದಿಲ್ಲ. ಹಾಗಾಗಿ ಬೆರಳನ್ನೂ ನೋಡಬೇಕು. ಅಮೆರಿಕದ ನಿಯಮದ ಪ್ರಕಾರ ಸಾಕಿದ ನೀರುಹಕ್ಕಿಯ ಮರಿಗೆ 6 ವಾರ ಆಗುವುದರೊಳಗೆ ಏನಾದರೂ ಒಂದು ಗುರುತು ಮಾಡಬೇಕು. ಉಂಗುರ ಹಾಕಬಹುದು, ಜಾಲಪಾದದ ಮೇಲೆ ಹಚ್ಚೆ ಹಾಕಬಹುದು, ಇಲ್ಲವೇ ಬಲಗಾಲಿನ ಹಿಂಬೆರಳನ್ನು ತೆಗೆಯಬಹುದು. ಓದಿದಾಗ ಸಂಕಟ ಆಯಿತು. ಆದರೆ ಅವತ್ತಿನಿಂದ ಯಾವ ಅಪರೂಪದ ಬಾತು ಕಂಡರೂ ಬಲಗಾಲಿನ ಹಿಂಬೆರಳು ಇದೆಯೋ ಇಲ್ಲವೋ ನೋಡದೆ ಬಿಡುವುದಿಲ್ಲ.

ನೀರಿನಲ್ಲಿ ತೇಲುವ ಬಾತಿನ ಹಿಂಬೆರಳು ನೋಡುವುದು ಹೇಗೆ? ಕಾಯಬೇಕು, ಬೇರೆ ದಾರಿ ಇಲ್ಲ. ಬಾತುಗಳು ದಡ ಹತ್ತುವುದು ಮೈ ಒಣಗಿಸಿಕೊಳ್ಳಲು, ನಿದ್ದೆ ಮಾಡಲು. ನಿದ್ದೆ ಮಾಡುವಾಗ ಒಂದು ಕಾಲು ಹೊಟ್ಟೆಯ ಗರಿಯೊಳಗೆ ಹೋಗಿರುತ್ತದೆ, ಇನ್ನೊಂದು ಹುಲ್ಲಿನಲ್ಲಿ ಮುಚ್ಚಿರುತ್ತದೆ. ಆದರೆ ಎದ್ದ ಕೂಡಲೇ ಒಂದು ಕೆಲಸ ಮಾಡುತ್ತವೆ. ಒಂದು ಬದಿಯ ರೆಕ್ಕೆಯನ್ನೂ ಅದೇ ಬದಿಯ ಕಾಲನ್ನೂ ಒಟ್ಟಿಗೆ ಹಿಂದಕ್ಕೆ ಚಾಚಿ ಮೈಮುರಿಯುತ್ತವೆ. ಆಮೇಲೆ ಇನ್ನೊಂದು ಬದಿ. ಆ ಒಂದೆರಡು ಸೆಕೆಂಡಿನಲ್ಲಿ ಬೇಕಾದದ್ದೆಲ್ಲಾ ಕಾಣುತ್ತದೆ. ನಾನು ಸ್ಕೋಪಿಗೆ ಕಣ್ಣು ಹಚ್ಚಿ ಕೂತೆ. ಪಕ್ಕದಲ್ಲಿ ಗೆಳೆಯ ಕ್ಯಾಮೆರಾ ಹಿಡಿದು ಸಿದ್ಧವಾಗಿದ್ದ. ಹಕ್ಕಿ ಎದ್ದಿತು, ಬಲಗಾಲು ಚಾಚಿತು. ಬೂದು ಬಣ್ಣದ ಕಾಲು, ಮಣ್ಣು ಮೆತ್ತಿದ ಜಾಲಪಾದ, ಅದರ ಹಿಂದೆ ಸ್ವಲ್ಪ ಮೇಲೆ ಪುಟ್ಟ ಹಿಂಬೆರಳು, ತುದಿಯಲ್ಲಿ ಉಗುರು. ಎಲ್ಲಾ ಸರಿಯಾಗಿದ್ದವು. ಎಡಗಾಲೂ ಹಾಗೇ. ಉಂಗುರ ಎರಡರಲ್ಲೂ ಇಲ್ಲ.

ಅದೇ ಸರಣಿಯ ಫೋಟೋಗಳಲ್ಲಿ ರೆಕ್ಕೆಯೂ ಸಿಕ್ಕಿತು. ಸಾಕುವವರು ಹಕ್ಕಿ ಹಾರದಂತೆ ಮಾಡಲು ಎರಡು ದಾರಿ ಹಿಡಿಯುತ್ತಾರೆ. ಒಂದು, ಒಂದು ರೆಕ್ಕೆಯ ತುದಿಯ ಮೂಳೆಯನ್ನೇ ಮರಿಯಲ್ಲೇ ತೆಗೆದುಬಿಡುವುದು. ಅಂಥ ಹಕ್ಕಿ ಬದುಕಿಡೀ ಹಾರುವುದಿಲ್ಲ, ಹಾಗಾಗಿ ದೂರದ ಕೆರೆಗೆ ಬರುವ ಪ್ರಶ್ನೆಯೂ ಕಡಿಮೆ. ಇನ್ನೊಂದು, ರೆಕ್ಕೆಯ ಗರಿಗಳನ್ನು ಕತ್ತರಿಸುವುದು. ಇದು ಹೊರಗಿನವರಿಗೆ ಸಮಸ್ಯೆ. ಗರಿ ಉದುರಿ ಹೊಸದು ಬಂದ ಮೇಲೆ ಕತ್ತರಿಸಿದ ಗುರುತೇ ಉಳಿಯುವುದಿಲ್ಲ. ನಮ್ಮ ಬಾತಿನ ಎರಡೂ ರೆಕ್ಕೆ ಪೂರ್ತಿ ಇದ್ದವು, ತುದಿಗರಿಗಳು ಎರಡೂ ಕಡೆ ಒಂದೇ ತರ ಸವೆದಿದ್ದವು. ಪಂಜರದಲ್ಲಿದ್ದ ಹಕ್ಕಿಗೆ ತಂತಿಗೆ ಉಜ್ಜಿ ಬಾಲದ ತುದಿ ಹರಿದಿರುತ್ತದೆ, ಗರಿಗಳು ಅಲ್ಲಲ್ಲಿ ಮುರಿದಿರುತ್ತವೆ, ಕೆಲವೊಮ್ಮೆ ಉಗುರು ಉದ್ದ ಬೆಳೆದಿರುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಚೆನ್ನಾಗಿ ಸಾಕಿದ ಹಕ್ಕಿಯ ಗರಿಯೂ ಚೆನ್ನಾಗಿಯೇ ಇರುತ್ತದೆ, ಅಲ್ವಾ? ಇದು ವಿರುದ್ಧ ಸಾಕ್ಷಿ ಇಲ್ಲ ಅಂತ ಮಾತ್ರ ಹೇಳುತ್ತದೆ.

ನನಗೆ ನಿಜವಾಗಿ ಭರವಸೆ ಕೊಟ್ಟದ್ದು ಬಾಲ. ಬಾತಿನ ಮರಿಗೆ ಮೊದಲು ಮೂಡುವ ಬಾಲದ ಗರಿಗಳ ತುದಿಗೆ ಮರಿಯ ತುಪ್ಪಳ ಅಂಟಿಕೊಂಡಿರುತ್ತದೆ. ತುಪ್ಪಳ ಮುರಿದು ಬಿದ್ದ ಮೇಲೆ ಗರಿಯ ತುದಿ ಚೂಪಾಗಿರುವುದಿಲ್ಲ, ನಡುವೆ ಕಚ್ಚು ಹಾಕಿದ ಹಾಗೆ ಕಾಣುತ್ತದೆ. ಬೆಳೆಯುತ್ತಾ ಬಂದ ಹಾಗೆ ಅವು ಒಂದೊಂದಾಗಿ ಉದುರಿ ಚೂಪು ತುದಿಯ ಹೊಸ ಗರಿ ಬರುತ್ತದೆ. ಗೆಳೆಯನ ಫೋಟೋ ದೊಡ್ಡದು ಮಾಡಿ ನೋಡಿದೆವು. ನಡುವೆ ಎರಡು ಹೊಸ ಗರಿ, ಗಾಢ ಬಣ್ಣ, ಚೂಪು ತುದಿ. ಪಕ್ಕದಲ್ಲಿ ಬಣ್ಣ ಮಾಸಿದ, ಅಂಚು ಸವೆದ ಹಳೆಯ ಗರಿಗಳು, ತುದಿಯಲ್ಲಿ ಸ್ಪಷ್ಟವಾದ ಕಚ್ಚು. ಅಂದರೆ ಇದು ಆ ವರ್ಷವೇ ಹುಟ್ಟಿದ ಹಕ್ಕಿ, ಮೊದಲ ಚಳಿಗಾಲ ಕಾಣುತ್ತಿರುವ ಎಳೆಯ ಗಂಡು.

ಅದಕ್ಕೆ ಅಷ್ಟೊಂದು ಬೆಲೆ ಏಕೆ? ದಾರಿ ತಪ್ಪುವವರಲ್ಲಿ ಎಳೆಯವೇ ಜಾಸ್ತಿ. ಮೊದಲ ವಲಸೆ, ದಾರಿ ಗೊತ್ತಿಲ್ಲ, ಬೇರೆ ಜಾತಿಯ ಹಿಂಡಿನ ಜೊತೆ ಸೇರಿ ಹೊರಟುಬಿಡುತ್ತವೆ. ಸಾಕಿದ ಜಾಗದಿಂದ ತಪ್ಪಿಸಿಕೊಂಡು ಜನರ ಕಣ್ಣಿಗೆ ಬೀಳುವವು ಹೆಚ್ಚಾಗಿ ಬಣ್ಣ ತುಂಬಿದ ಬೆಳೆದ ಗಂಡುಗಳು. ಆದರೆ ಎಳೆಯ ಹಕ್ಕಿಯೂ ತಪ್ಪಿಸಿಕೊಳ್ಳಬಹುದು. ಸಾಕುವವರಲ್ಲೂ ಮರಿ ಬೇಸಿಗೆಯಲ್ಲೇ ಆಗುತ್ತದೆ, ರೆಕ್ಕೆ ಬಲಿತದ್ದೇ ತಡ ಹಾರಿ ಹೋಗುವವೂ ಇವೆ. ತಕ್ಕಡಿ ಒಂದು ಕಡೆ ವಾಲಿತು, ಅಷ್ಟೇ.

ಈ ನಡುವೆ ಸಾಕುವವರನ್ನು ವಿಚಾರಿಸುವ ಕೆಲಸ ಶುರು ಮಾಡಿದೆ. ಇದು ಬಹಳ ಜನ ಬಿಟ್ಟುಬಿಡುವ ಕೆಲಸ, ಬಿಡಬಾರದು. ಸುಮ್ನೆ "ಹತ್ತಿರದಲ್ಲಿ ಯಾರೂ ಸಾಕುವುದಿಲ್ಲ" ಅಂತ ಬರೆದರೆ ಅಪರೂಪದ ಹಕ್ಕಿಗಳ ವರದಿ ಪರಿಶೀಲಿಸುವ ದಾಖಲೆ ಸಮಿತಿ ಒಪ್ಪುವುದಿಲ್ಲ, ಯಾರನ್ನು ಕೇಳಿದಿರಿ ಎಂದು ಕೇಳುತ್ತದೆ. ಕೆಲವರು ಫೋನ್ ಎತ್ತಲಿಲ್ಲ. ಕೆಲವರಿಗೆ ನಾನು ತಪ್ಪು ಹೊರಿಸಲು ಬಂದಿದ್ದೇನೆ ಅನಿಸಿತು. ಒಬ್ಬರು ಹಿರಿಯರು ಮಾತ್ರ ಕೂತು ಮಾತಾಡಿದರು.

"ನನ್ನ ಹತ್ರ ಬೈಕಲ್ ಇತ್ತು, ಈಗಿಲ್ಲ. ಮಾರಿಬಿಟ್ಟೆ" ಅಂದರು.

"ಉಂಗುರ ಹಾಕಿದ್ರಾ ಸರ್?"

"ಮೊದಮೊದಲು ಹಾಕ್ತಿದ್ದೆ. ಆಮೇಲೆ ಬಿಟ್ಟೆ. ಯಾರೂ ಕೇಳಲ್ಲ ನೋಡಿ."

"ಈ ವರ್ಷ ಮರಿ ಆದದ್ದು ಯಾರ ಹತ್ತಿರವಾದರೂ ಗೊತ್ತಾ?"

"ನಂಗೆ ಗೊತ್ತಿದ್ದವರ ಹತ್ರ ಇಲ್ಲ. ಗೊತ್ತಿಲ್ಲದವರು ಎಷ್ಟು ಜನ ಇದ್ದಾರೋ!"

ಅವರ ಆ ಕೊನೆಯ ಮಾತನ್ನು ನಾನು ವರದಿಯಲ್ಲಿ ಹಾಗೇ ಬರೆದೆ. ನಮ್ಮ ವಾದಕ್ಕೆ ಅದರಿಂದ ಬಲ ಬರಲಿಲ್ಲ, ಆದರೂ ಬರೆದೆ. ಕಡತ ಓದುವವರು ಆ ಕೆರೆ ನೋಡಿಲ್ಲ, ಆ ಹಿರಿಯರನ್ನು ಕಂಡಿಲ್ಲ. ನನಗೆ ಗೊತ್ತಿರುವುದೆಲ್ಲಾ ಅವರಿಗೂ ಗೊತ್ತಾಗಬೇಕು, ನನ್ನ ಕಡೆಗೆ ವಾಲುವ ಸಂಗತಿ ಮಾತ್ರ ಅಲ್ಲ. ಇದೊಂದು ವಿಷಯದಲ್ಲಿ ನನಗೆ ರಾಜಿ ಇಲ್ಲ.

ನೋಡಲು ಬಂದವರಲ್ಲಿ ಹಲವರು ಹೇಳಿದ ವಾದ ಇನ್ನೊಂದು ಇತ್ತು. "ವಲಸೆ ಬಂದ ಹಿಂಡಿನ ಜೊತೆಗೇ ಇದೆಯಲ್ಲ, ಇನ್ನೇನು ಬೇಕು?" ಕೇಳಲು ಚೆನ್ನಾಗಿದೆ. ಆದರೆ ಬಾತುಗಳು ಗುಂಪು ಬಯಸುವ ಹಕ್ಕಿಗಳು. ತಪ್ಪಿಸಿಕೊಂಡದ್ದು ಒಂಟಿಯಾಗಿ ಕೂರುವುದಿಲ್ಲ, ಸಿಕ್ಕ ಹಿಂಡನ್ನು ಸೇರುತ್ತದೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಬಾತಿನದಲ್ಲ, ಫ್ಲೆಮಿಂಗೋದು. 2005ರಲ್ಲಿ ಅಮೆರಿಕದ ಕಾನ್ಸಾಸ್‌ನ ಒಂದು ಮೃಗಾಲಯದಿಂದ ಆಫ್ರಿಕಾ ಕಡೆಯ ಫ್ಲೆಮಿಂಗೋ ಹಾರಿಹೋಯಿತು. ಕಾಲಿನ ಪಟ್ಟಿಯಲ್ಲಿ 492 ಎಂಬ ಸಂಖ್ಯೆ. ಮುಂದೆ ಅದು ಟೆಕ್ಸಸ್ ಕರಾವಳಿಯಲ್ಲಿ ವರ್ಷಗಟ್ಟಲೆ ಕಾಣಿಸಿಕೊಂಡಿತು. ಕೆಲವು ಕಾಲ ಅದರ ಜೊತೆಗೆ ಇನ್ನೊಂದು ಫ್ಲೆಮಿಂಗೋ ಇತ್ತು. ಅದರ ಕಾಲಲ್ಲೂ ಪಟ್ಟಿ. ಅದು ಮೆಕ್ಸಿಕೋದ ಯುಕಟಾನ್‌ನ ಸಹಜ ನೆಲೆಯಲ್ಲಿ ಹುಟ್ಟಿ, ಅಲ್ಲೇ ಮರಿಯಾಗಿದ್ದಾಗ ಸಂಶೋಧಕರು ಪಟ್ಟಿ ಹಾಕಿದ ಹಕ್ಕಿ. ಎರಡೂ ಪಕ್ಕಪಕ್ಕದಲ್ಲಿ ನಿಂತು ಮೇಯುತ್ತಿದ್ದವು. ಒಂದು ಮೃಗಾಲಯದ್ದು, ಇನ್ನೊಂದು ತಾನಾಗಿ ಹಾರಿ ಬಂದದ್ದು. ಪಟ್ಟಿ ಇಲ್ಲದಿದ್ದರೆ ಜೊತೆಗಾರನನ್ನು ನೋಡಿ ಯಾವುದಕ್ಕೆ ಏನು ತೀರ್ಪು ಕೊಡುತ್ತಿದ್ದೆವು? ಈ ಕತೆ ಗೊತ್ತಾದ ಮೇಲೆ "ಹಿಂಡಿನ ಜೊತೆ ಇದೆ" ಎಂಬುದನ್ನು ನಾನು ದೊಡ್ಡ ಸಾಕ್ಷಿ ಎಂದು ಬರೆಯುವುದಿಲ್ಲ.

ಹೆದರಿಕೆಯ ವಿಷಯವೂ ಹಾಗೇ. ಜನ ಹತ್ತಿರ ಹೋದರೆ ಹಾರಿತು, ಆದ್ದರಿಂದ ಸಾಕಿದ್ದಲ್ಲ ಅನ್ನುತ್ತಾರೆ. ಆದರೆ ಜನರೇ ಇಲ್ಲದ ಉತ್ತರದ ಬಯಲಿನಲ್ಲಿ ಹುಟ್ಟಿದ ಹಕ್ಕಿಗೆ ಮನುಷ್ಯರ ಭಯ ಇರದಿರಬಹುದು. ಪಂಜರದಿಂದ ಬಂದ ಹಕ್ಕಿ ಸುತ್ತಲಿನ ಹಿಂಡು ಹಾರಿದಾಗ ತಾನೂ ಹಾರುವುದನ್ನು ಬೇಗ ಕಲಿಯುತ್ತದೆ. ಇದನ್ನು ವರದಿಯಲ್ಲಿ ಒಂದು ಸಾಲಿನಲ್ಲಿ ಮುಗಿಸಿದೆ.

ಬಂದ ಕಾಲ, ಹೋದ ಕಾಲ ಮಾತ್ರ ಮುಖ್ಯ. ಬಿಳಿಹುಬ್ಬಿನ ಬಾತುಗಳು ಬಂದು ಇಳಿದ ಮೇಲೆ ಇದು ಕಂಡಿತು, ಅವು ಹೊರಟಾಗ ಇದೂ ಹೊರಟಿತು. ಬೇಸಿಗೆಯಲ್ಲಿ ನಾನು ಮತ್ತೆ ಮತ್ತೆ ಹೋಗಿ ನೋಡಿದೆ. ಅಲ್ಲೇ ಉಳಿದುಕೊಂಡಿದ್ದರೆ ಅನುಮಾನ ಹೆಚ್ಚುತ್ತಿತ್ತು. ಅಪರೂಪದ ಹಕ್ಕಿ ಕಂಡಾಗ ಎಲ್ಲರೂ ಓಡುತ್ತಾರೆ, ಅದು ಹೋದ ಮೇಲೆ ಖಾಲಿ ಕೆರೆ ನೋಡಲು ಯಾರೂ ಹೋಗುವುದಿಲ್ಲ. ಕಡತಕ್ಕೆ ಆ ಖಾಲಿ ಕೆರೆಯ ದಿನಾಂಕಗಳೂ ಬೇಕು.

ಅಷ್ಟನ್ನೂ ಸೇರಿಸಿ ದಾಖಲೆ ಸಮಿತಿಗೆ ಕಳಿಸಿದೆ. ಇಂಥ ಸಮಿತಿಗಳು ಹಲವು ದೇಶಗಳಲ್ಲಿವೆ. ಬ್ರಿಟನ್ನಿನಲ್ಲಿ ಅಪರೂಪದ ಹಕ್ಕಿಗಳ ಸಮಿತಿ 1959ರಿಂದ ಕೆಲಸ ಮಾಡುತ್ತಿದೆ. ಅಲ್ಲಿಯ ಪಕ್ಷಿವಿಜ್ಞಾನಿಗಳ ಸಂಘದ ಪಟ್ಟಿಯಲ್ಲಿ ವಿಭಾಗಗಳಿಗೆ ಅಕ್ಷರದ ಹೆಸರು. 1950ರಿಂದ ಈಚೆಗೆ ಸಹಜವಾಗಿ ಬಂದದ್ದು ಎಂದು ಒಪ್ಪಿದ ಹಕ್ಕಿ ಎ. ಅದಕ್ಕೂ ಮೊದಲು, 1800ರಿಂದ 1949ರ ನಡುವೆ ಮಾತ್ರ ಕಂಡದ್ದು ಬಿ. ಜನ ತಂದು ಬಿಟ್ಟು, ಈಗ ತಾನಾಗಿ ಸಂಸಾರ ಬೆಳೆಸಿಕೊಂಡು ನೆಲೆ ನಿಂತದ್ದು ಸಿ. ತಪ್ಪಿಸಿಕೊಂಡದ್ದು, ನೆಲೆ ನಿಲ್ಲದ್ದು ಇ. ನಡುವೆ ಡಿ ಇದೆ. ಎಲ್ಲಾ ಸರಿ ಇದೆ, ಆದರೆ ತಾನಾಗಿ ಬಂತೇ ಅನ್ನುವುದರಲ್ಲಿ ನ್ಯಾಯವಾದ ಅನುಮಾನ ಉಳಿದಿದೆ ಅನ್ನುವ ಹಕ್ಕಿಗಳಿಗೆ ಆ ಜಾಗ. ನನಗೆ ಡಿ ಬಹಳ ಇಷ್ಟ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆದಿಡಲು ಒಂದು ಜಾಗ ಇದ್ದರೆ, ಹೌದು ಅಥವಾ ಇಲ್ಲ ಎಂದು ಅವಸರದಲ್ಲಿ ಹೇಳಬೇಕಾಗಿಲ್ಲ. ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣ ಕೂಡ 2022ರಿಂದ ಹೊರಗಿನ ಹಕ್ಕಿಗಳನ್ನು ನೆಲೆನಿಂತವು, ಇನ್ನೂ ತೀರ್ಮಾನ ಆಗದವು, ತಪ್ಪಿಸಿಕೊಂಡವು ಎಂದು ಬೇರೆ ಬೇರೆಯಾಗಿ ತೋರಿಸುತ್ತಿದೆ.

ವಿಭಾಗ ಎಷ್ಟೇ ಮಾಡಿದರೂ ಕೆಲವು ಹಕ್ಕಿಗಳು ಅದರಲ್ಲಿ ಸಲೀಸಾಗಿ ಕೂರುವುದಿಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಗಡ್ಡದ ರಣಹದ್ದು ಬೇಸಿಗೆ ಕಳೆಯಿತು. ಅದರ ಉದುರಿದ ಗರಿಯ ಡಿಎನ್‌ಎ ನೋಡಿದಾಗ, ಹಿಂದಿನ ವರ್ಷ ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಗೂಡಿನಲ್ಲಿ ಹುಟ್ಟಿದ ಹೆಣ್ಣು ಅಂತ ತಿಳಿಯಿತು. ಪಂಜರದಲ್ಲಿ ಒಂದು ದಿನವೂ ಇದ್ದದ್ದಲ್ಲ. ತನ್ನ ರೆಕ್ಕೆಯಲ್ಲೇ ಹಾರಿ ಬಂದದ್ದು. ಆದರೆ ಆಲ್ಪ್ಸ್‌ನಲ್ಲಿ ಈ ರಣಹದ್ದು ಅಳಿದುಹೋಗಿತ್ತು. 1986ರಿಂದ ಸಾಕಿದ ಮರಿಗಳನ್ನು ಬಿಡುತ್ತಾ ಬಂದು, 1997ರಲ್ಲಿ ಅಲ್ಲಿ ಮತ್ತೆ ಮೊದಲ ಮರಿ ಗೂಡಿನಿಂದ ಹಾರಿತು. ಅಂದರೆ ಈ ಹೆಣ್ಣಿನ ಹಿರಿಯರು ಮನುಷ್ಯರು ಬಿಟ್ಟವು. ಇದನ್ನು ಏನೆಂದು ಬರೆಯಬೇಕು? ಬಿಟ್ಟ ಹಕ್ಕಿಗಳ ಬಳಗ ಮನುಷ್ಯರ ನೆರವಿಲ್ಲದೆ ತಾನಾಗಿ ಉಳಿಯುತ್ತದೆ ಎಂದು ಖಾತ್ರಿ ಆಗುವವರೆಗೆ ಕಾಯಬೇಕು ಅನ್ನುವ ನಿಲುವು ಸರಿ ಅಂತಲೇ ನನಗೆ ಅನಿಸುತ್ತದೆ. ಆ ಹಕ್ಕಿಯ ಬೆಲೆ ಅದರಿಂದ ಕಡಿಮೆ ಆಗುವುದಿಲ್ಲ. ಹಡಗಿನ ಮೇಲೆ ಕೂತು ಸಾಗರ ದಾಟಿ ಬಂದ ಹಕ್ಕಿಗಳದ್ದೂ ಇಂಥದ್ದೇ ವ್ಯಾಜ್ಯ. ಊರುಕಾಗೆಗಳು ಹೀಗೆ ಹಡಗಿನಲ್ಲೇ ಎಷ್ಟೋ ಬಂದರುಗಳಿಗೆ ಹಬ್ಬಿದವು. ಯಾರೂ ಹಿಡಿದು ಕೂಡಿಹಾಕದಿದ್ದರೆ ಅಂಥ ಹಕ್ಕಿಯನ್ನು ಎಣಿಸಬಹುದು ಅನ್ನುವವರ ಜೊತೆ ನಾನಿದ್ದೇನೆ.

ನಮ್ಮ ಕಡತದ ಮೊದಲ ಸುತ್ತಿನಲ್ಲಿ ಜಾತಿಯ ಗುರುತನ್ನು ಎಲ್ಲರೂ ಒಪ್ಪಿದರು. ಮೂಲದ ವಿಷಯದಲ್ಲಿ ಮತ ಒಡೆಯಿತು. ಸಮಿತಿಯ ಸಂಚಾಲಕಿ ಕೇಳಿದ್ದು ಒಂದೇ, "ಗರಿ ಏನಾದರೂ ಸಿಕ್ಕಿದೆಯಾ?"

ಗರಿ ಯಾಕೆ ಅಂದರೆ, ಅದರಲ್ಲಿ ಊರಿನ ಸುಳಿವು ಇರುತ್ತದೆ. ಮಳೆ ನೀರಿನಲ್ಲಿ ಹಗುರ ಹೈಡ್ರೋಜನ್, ಭಾರದ ಹೈಡ್ರೋಜನ್ ಎರಡೂ ಇರುತ್ತವೆ. ಅವುಗಳ ಪ್ರಮಾಣ ಎಲ್ಲಾ ಕಡೆ ಒಂದೇ ಅಲ್ಲ. ಉತ್ತರಕ್ಕೆ ಹೋದ ಹಾಗೆ, ಸಮುದ್ರದಿಂದ ಒಳನಾಡಿಗೆ ಹೋದ ಹಾಗೆ ಭಾರದ್ದು ಕಡಿಮೆ ಆಗುತ್ತದೆ. ಆ ನೀರು ಗಿಡಕ್ಕೆ, ಹುಳಕ್ಕೆ, ಅಲ್ಲಿಂದ ಹಕ್ಕಿಗೆ ಸೇರುತ್ತದೆ. ಗರಿ ಬೆಳೆಯುವಾಗ ಏನು ಸೇರಿತೋ ಅದೇ ಉಳಿಯುತ್ತದೆ. ಬೆಳೆದು ಮುಗಿದ ಮೇಲೆ ಗರಿಯಲ್ಲಿ ಹೊಸದೇನೂ ಸೇರುವುದಿಲ್ಲ. ಹೀಗಾಗಿ ಎಳೆಯ ಹಕ್ಕಿಯ ಮೈಮೇಲೆ ಉಳಿದ ಮೊದಲ ಗರಿಯನ್ನು ಪರೀಕ್ಷಿಸಿದರೆ ಅದು ಹುಟ್ಟಿದ ಸೀಮೆ ಸುಮಾರಾಗಿ ಗೊತ್ತಾಗುತ್ತದೆ.

ಇದನ್ನು ಬೈಕಲ್ ಬಾತಿನ ಮೇಲೆಯೇ ಮಾಡಿ ತೋರಿಸಿದ್ದಾರೆ. 2005ರ ನವೆಂಬರ್‌ನಲ್ಲಿ ಡೆನ್ಮಾರ್ಕ್‌ನಲ್ಲಿ ಬೇಟೆಗೆ ಸಿಕ್ಕ ಒಂದು ಎಳೆಯ ಬಾತಿನ ಬೇರೆ ಬೇರೆ ಗರಿಗಳನ್ನು ಪರೀಕ್ಷೆ ಮಾಡಿದರು. ಮರಿಯಾಗಿದ್ದಾಗ ಬೆಳೆದ ಗರಿಗಳು ಸೈಬೀರಿಯಾಕ್ಕೆ ಹೊಂದಿದವು. ಈಚೆಗೆ ಬಂದ ಗರಿಗಳು ಪಶ್ಚಿಮ ಯುರೋಪಿಗೆ ಹೊಂದಿದವು. ಒಂದೇ ಹಕ್ಕಿಯ ಮೈಮೇಲೆ ಹೊರಟ ಊರು, ಬಂದ ಊರು ಎರಡೂ ಇದ್ದವು! ಅದಕ್ಕೂ ಮೊದಲು ಯುರೋಪಿನಲ್ಲಿ ಕಂಡ ಬಹುತೇಕ ಬೈಕಲ್ ಬಾತುಗಳನ್ನು ಸಾಕಿದ್ದೇ ಇರಬೇಕು ಎಂದು ಬದಿಗಿಡುವ ರೂಢಿ ಇತ್ತು. ಆಮೇಲೆ ನಡೆದ ಮರುಪರಿಶೀಲನೆಯಲ್ಲಿ, 1906ರಲ್ಲಿ ಎಸೆಕ್ಸ್‌ನಲ್ಲಿ ಸಿಕ್ಕ ಒಂದು ಎಳೆಯ ಗಂಡು ಬ್ರಿಟನ್ನಿನ ಮುಖ್ಯ ಪಟ್ಟಿಗೆ ಸೇರಿತು. ನೂರು ವರ್ಷದ ಮೇಲೆ! ಯಾರೋ ಅದನ್ನು ಜೋಪಾನವಾಗಿ ಎತ್ತಿಟ್ಟಿದ್ದರಿಂದ ತಾನೇ ಇದು ಆದದ್ದು?

ನಮಗೆ ಗರಿ ಸಿಕ್ಕಿರಲಿಲ್ಲ. ದಡದಲ್ಲಿ ಗರಿಗಳು ಬೇಕಾದಷ್ಟು ಬಿದ್ದಿದ್ದವು, ಯಾವುದು ಯಾರದ್ದು ಅಂತ ಹೇಳುವುದು? ಹಕ್ಕಿ ಇನ್ನೂ ಅಲ್ಲಿದ್ದಾಗ ಅದನ್ನು ಹಿಡಿಯುವ ಮಾತನ್ನು ಒಬ್ಬರು ಎತ್ತಿದ್ದರು. ಬೇಡ ಅಂದಿದ್ದೆ. ನಮ್ಮ ಕುತೂಹಲಕ್ಕಾಗಿ ಇಡೀ ಹಿಂಡನ್ನು ಬೆದರಿಸಿ ಎಬ್ಬಿಸುವುದು ನನಗೆ ಒಪ್ಪಿಗೆ ಇರಲಿಲ್ಲ. ಹಾಗಾಗಿ ಕಡತ "ಮೂಲ ತೀರ್ಮಾನವಾಗಿಲ್ಲ" ಎಂಬ ಷರಾದೊಂದಿಗೆ ನಿಂತಿತು. ಬೇಜಾರು ಆಗಲಿಲ್ಲ ಅಂದರೆ ಸುಳ್ಳು. ಆದರೆ ಆ ಸಾಕ್ಷಿಗೆ ಅದೇ ಸರಿಯಾದ ತೀರ್ಪು.

ಕಡತ ಮತ್ತೆ ತೆರೆದದ್ದು ಬೇರೆಯವರ ಫೋಟೋದಿಂದ. ಸಂಚಾಲಕಿ ನಮ್ಮ ಚಿತ್ರಗಳನ್ನು ಉತ್ತರದ ಕಡೆಯ ವೀಕ್ಷಕರಿಗೂ ಕಳಿಸಿದ್ದರು. ಹಾಗೆ ಮಾಡಲು ಅವರಿಗೆ ಹೊಳೆದದ್ದು ಸ್ಟೆಲ್ಲರ್ ಕಡಲ ಹದ್ದಿನ ಕತೆಯಿಂದ. ಏಷ್ಯಾದ ಆ ಹದ್ದು 2020ರಲ್ಲಿ ಅಲಾಸ್ಕಾದ ಒಳನಾಡಿನಲ್ಲಿ, 2021ರಲ್ಲಿ ಟೆಕ್ಸಸ್‌ನಲ್ಲಿ, ಆಮೇಲೆ ಕೆನಡಾದ ಪೂರ್ವದಲ್ಲಿ, ವರ್ಷದ ಕೊನೆಗೆ ಮ್ಯಾಸಚೂಸೆಟ್ಸ್‌ನಲ್ಲಿ ಕಂಡಿತು. ರೆಕ್ಕೆಯ ಬಿಳಿ ಮಚ್ಚೆಗಳನ್ನು ತಾಳೆ ಹಾಕಿ, ಇವೆಲ್ಲಾ ಒಂದೇ ಹಕ್ಕಿ ಇರಬೇಕು ಅಂತ ತೀರ್ಮಾನಿಸಿದರು. ಅದೇ ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಸಾಕಿದ್ದ ಇನ್ನೊಂದು ಸ್ಟೆಲ್ಲರ್ ಹದ್ದು ತಪ್ಪಿಸಿಕೊಂಡು ಮತ್ತೆ ಸಿಕ್ಕಿತ್ತು. ಅದು ಬೇರೆ ಹಕ್ಕಿ. ಒಂದೊಂದು ಫೋಟೋ ಒಬ್ಬೊಬ್ಬರ ಹತ್ತಿರ ಉಳಿದಿದ್ದರೆ ಈ ಎರಡು ಹದ್ದುಗಳ ಕತೆ ಕಲಸಿಹೋಗುತ್ತಿತ್ತು.

ನಮ್ಮ ಬಾತಿನ ಕೊಕ್ಕಿನ ಎಡ ಅಂಚಿನಲ್ಲಿ, ಮೂಗಿನ ತೂತಿನ ಸ್ವಲ್ಪ ಮುಂದೆ, ಒಂದು ಸಣ್ಣ ಮುಕ್ಕು ಇತ್ತು. ನಾನು ಅದನ್ನು ವರದಿಯಲ್ಲಿ ಬರೆದಿದ್ದೆ. ನಮ್ಮ ಹಕ್ಕಿ ಕಾಣಿಸುವುದಕ್ಕೂ ಮೊದಲು, ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಬಹು ದೂರದ ಉತ್ತರದ ಒಂದು ಜೌಗಿನಲ್ಲಿ ಒಬ್ಬರು ಬಿಳಿಹುಬ್ಬಿನ ಬಾತುಗಳ ಹಿಂಡಿನ ಫೋಟೋ ತೆಗೆದಿದ್ದರು. ಹಿಂಡಿನ ಅಂಚಿನಲ್ಲಿ ಕಂದು ಬಣ್ಣದ ಒಂದು ಬಾತು. ಕೊಕ್ಕಿನ ಬುಡದಲ್ಲಿ ದುಂಡನೆಯ ಚುಕ್ಕೆ. ಅದೇನೆಂದು ಅವರಿಗೆ ಹೊಳೆದಿರಲಿಲ್ಲ, ಹೆಸರಿಲ್ಲದೆ ಎತ್ತಿಟ್ಟಿದ್ದರು. ನಮ್ಮ ಚಿತ್ರ ನೋಡಿ ಹುಡುಕಿ ತೆಗೆದು ಕಳಿಸಿದರು. ಎಡ ಅಂಚಿನಲ್ಲಿ, ಅದೇ ಜಾಗದಲ್ಲಿ, ಅದೇ ಮುಕ್ಕು. ಮೈಮೇಲೆ ಮರಿಗರಿಗಳೇ ಹೆಚ್ಚು, ಗಂಡಿನ ಬಣ್ಣ ಇನ್ನೂ ಬಂದಿರಲಿಲ್ಲ. ಆ ಫೋಟೋ ನೋಡಿ ನನ್ನ ಕೈ ನಡುಗಿತು.

ಎರಡನೇ ಸುತ್ತಿನಲ್ಲಿ ಸಹಜವಾಗಿ ಬಂದದ್ದು ಎಂದು ದಾಖಲೆ ಅಂಗೀಕಾರ ಆಯಿತು. ಒಬ್ಬರು ಮಾತ್ರ ಒಪ್ಪಲಿಲ್ಲ. ಉತ್ತರದಲ್ಲೂ ಸಾಕುವವರು ಇರಬಹುದು, ಅಲ್ಲಿ ತಪ್ಪಿಸಿಕೊಂಡ ಎಳೆಯ ಹಕ್ಕಿಯೂ ವಲಸೆ ಹೋಗುವ ಹಿಂಡಿನ ಜೊತೆ ಇಳಿದು ಬರಬಹುದು ಎಂದು ಅವರು ಬರೆದರು. ಅದು ಸುಳ್ಳಲ್ಲ. ಆದರೆ ಸಮಿತಿ ಕೇಳಬೇಕಾದದ್ದು ಸಾಧ್ಯವೇ ಎಂದಲ್ಲ, ಯಾವುದು ಹೆಚ್ಚು ಸಂಭವ ಎಂದು. ಎಳೆಯ ಹಕ್ಕಿ, ಸರಿಯಾದ ಕಾಲ, ಉತ್ತರದಿಂದ ದಕ್ಷಿಣಕ್ಕೆ ಸಾಗಿದ ದಾರಿ, ಉಂಗುರವಾಗಲಿ ಗಾಯವಾಗಲಿ ಇಲ್ಲದ ಮೈ. ಜೊತೆಗೆ ಈ ಜಾತಿಯ ಸಂಖ್ಯೆಯೂ ಏರಿದೆ. ಒಂದು ಕಾಲಕ್ಕೆ ಕುಸಿದುಹೋಗಿದ್ದ ಬೈಕಲ್ ಬಾತುಗಳು ಈಗ ದಕ್ಷಿಣ ಕೊರಿಯಾದಲ್ಲಿ ಲಕ್ಷಗಟ್ಟಲೆ ಒಂದೇ ಹಿಂಡಿನಲ್ಲಿ ಸೇರುತ್ತವೆ. 2011ರಲ್ಲಿ ಅಪಾಯದ ಪಟ್ಟಿಯಿಂದಲೂ ಹೊರಬಂದವು. ಹಕ್ಕಿ ಹೆಚ್ಚಿದಷ್ಟೂ ದಾರಿ ತಪ್ಪುವವೂ ಹೆಚ್ಚು. ಇಷ್ಟೆಲ್ಲಾ ಒಂದೇ ಕಡೆ ಬೊಟ್ಟು ಮಾಡುವಾಗ ಒಪ್ಪುವುದೇ ನ್ಯಾಯ ಅಂತ ನನ್ನ ನಂಬಿಕೆ. ಆದರೂ ಆ ವಿರೋಧದ ಟಿಪ್ಪಣಿಯನ್ನು ಕಡತದಿಂದ ತೆಗೆಯಬೇಡಿ ಎಂದು ಸಂಚಾಲಕಿಗೆ ಬರೆದೆ. "ತೆಗೆಯುವ ಪದ್ಧತಿಯೇ ಇಲ್ಲ, ಚಿಂತೆ ಬಿಡಿ" ಅಂದರು.

ಈ ತೀರ್ಮಾನದಿಂದ ಇನ್ನೊಂದು ಕೆಲಸ ಹುಟ್ಟಿಕೊಂಡಿದೆ. ಬಹಳ ಹಿಂದಿನ ಒಂದು ಬೈಕಲ್ ಬಾತಿನ ದಾಖಲೆ ಸಮಿತಿಯ ಹತ್ತಿರ ಹಾಗೇ ಬಿದ್ದಿದೆ. ಬೆಳೆದ ಗಂಡು, ಸಾಕಿದ್ದಿರಬೇಕು ಅಂತ ಒಂದು ಸಾಲು ಬರೆದು ಬದಿಗಿಟ್ಟದ್ದು. ಅದನ್ನು ಮತ್ತೆ ನೋಡೋಣ ಅಂತ ಈಗ ಮಾತು ನಡೆದಿದೆ. ಆಗ ಫೋಟೋ ತೆಗೆದವರನ್ನು ಹುಡುಕಿ ಮಾತಾಡಿಸಿದೆ. ನೆಗೆಟಿವ್ ಇದೆಯಂತೆ. ಹಕ್ಕಿ ದಡದ ಮೇಲೆ ನಿಂತಿತ್ತು ಅನ್ನುತ್ತಾರೆ. ಮುಂದಿನ ವಾರ ಸ್ಕ್ಯಾನ್ ಮಾಡಿಸುತ್ತೇವೆ, ಮೊದಲು ಕಾಲು ನೋಡಬೇಕು.